ಕ್ವಾರಿಯ ಕಡೆಗೆ ಎಳೆದ ಹಸಿರು ಗೆರೆ

ಭೂದೃಶ್ಯ ಸಂರಕ್ಷಣಾ ಯೋಜನೆಯ ನಕ್ಷೆಗೆ ಸಹಿ ಹಾಕಿದ ಮಾನ್ಯ ಅಧಿಕಾರಿಗಳೇ,

ಬಿಳಿಗಿರಿರಂಗನ ಬೆಟ್ಟದ ಕಾಡಿನಿಂದ ಮಹದೇಶ್ವರ ಬೆಟ್ಟದ ಕಾಡಿಗೆ ಆನೆಗಳು ದಾಟಲೆಂದು ನಿಮ್ಮ ನಕ್ಷೆಯಲ್ಲಿ ಎಳೆದಿರುವ ಹಸಿರು ಗೆರೆ, ನಮ್ಮ ಹೊನ್ನೆದೊಡ್ಡಿಯ ಹತ್ತಿರ ನೇರವಾಗಿ ಒಂದು ಪಾಳುಬಿದ್ದ ಕರಿಕಲ್ಲು ಕ್ವಾರಿಯೊಳಗೆ ಇಳಿಯುತ್ತದೆ. ಆ ಗೆರೆಯನ್ನು ನಂಬಿ ನೀವು ಹಾಕಿಸಿದ ರೈಲು ಕಂಬಿಯ ಬೇಲಿ ಆನೆಗಳ ನಿಜವಾದ ದಾರಿಯನ್ನು ಮುಚ್ಚಿದೆ. ಅದರಿಂದ ಒಂದು ಆನೆಮರಿ ಸತ್ತಿದೆ. ನನ್ನ ಅಕ್ಕನ ಗಂಡ ನಟರಾಜು ಸತ್ತಿದ್ದಾರೆ. ಬೇಲಿ ಇವತ್ತಿಗೂ ಹಾಗೇ ನಿಂತಿದೆ.

ನಾನು ಹನೂರಿನ ಪ್ರೌಢಶಾಲೆಯೊಂದರಲ್ಲಿ ಭೂಗೋಳ ಹೇಳಿಕೊಡುತ್ತೇನೆ. ನಕ್ಷೆಗಳ ಮೇಲೆ ನನಗೆ ದ್ವೇಷವಿಲ್ಲ. ಎರಡು ಕಾಡುಗಳ ನಡುವೆ ಊರು, ರಸ್ತೆ, ಹೊಲಗಳು ಹಬ್ಬಿಕೊಂಡಿರುವಾಗ ಪ್ರಾಣಿಗಳಿಗೆ ಯಾವ ಜಾಗ ಉಳಿಸಬೇಕೆಂದು ತಿಳಿಯಲು ಆಕಾಶದಿಂದ ತೆಗೆದ ಚಿತ್ರಗಳು ಬೇಕೇ ಬೇಕು ಎಂದು ನಂಬಿದವಳು. ಕೊಳ್ಳೇಗಾಲ, ಹನೂರು, ಯಳಂದೂರು ಮೂರನ್ನೂ ಒಂದೇ ಹಾಳೆಯಲ್ಲಿ ಸೇರಿಸಿ ಯೋಜನೆ ಮಾಡುತ್ತೀರೆಂದು ಕೇಳಿದಾಗ ಸಂತೋಷವೇ ಆಗಿತ್ತು. ಈಗ ತರಗತಿಯಲ್ಲಿ ಗೋಡೆಯ ಮೇಲೆ ನಕ್ಷೆ ಬಿಚ್ಚುವಾಗ ಕೈ ಒಂದು ಕ್ಷಣ ನಿಲ್ಲುತ್ತದೆ.

ನನ್ನ ಅಕ್ಕ ರತ್ನಳ ಹೊಲದ ಅಂಚಿನಲ್ಲಿ ಒಂದು ಹಳ್ಳವಿದೆ. ಮಳೆಗಾಲ ಬಿಟ್ಟರೆ ಅದು ಬರೀ ಮರಳು. ಆನೆಗಳು ಹೋಗಿಬರುವುದು ಆ ಹಳ್ಳದಲ್ಲೇ. ಭಾವ ಹಳ್ಳದ ಪಕ್ಕದ ಪಟ್ಟಿಯಲ್ಲಿ ಏನನ್ನೂ ಬೆಳೆಯುತ್ತಿರಲಿಲ್ಲ. ದಾರಿಗೆ ಅಡ್ಡ ಬರದಿದ್ದರೆ ಅವು ನಮ್ಮ ರಾಗಿಗೆ ಬರುವುದಿಲ್ಲ ಎನ್ನುವುದು ಅವರ ಲೆಕ್ಕ. ಅದೇನೂ ಗುಟ್ಟಿನ ಜ್ಞಾನವಲ್ಲ. ಮರಳಿನ ಮೇಲೆ ಹೆಜ್ಜೆ ಬಿದ್ದಿರುತ್ತವೆ, ಕಣ್ಣಿದ್ದ ಯಾರಿಗಾದರೂ ಕಾಣುತ್ತವೆ. ನಿಮ್ಮ ಚಿತ್ರದಲ್ಲಿ ಮಾತ್ರ ಆ ಹಳ್ಳ ಬೂದುಬಣ್ಣವಾಗಿ ಬಂದು 'ಪಾಳು' ಎಂದು ದಾಖಲಾಯಿತು. ಬಡಗಣ ದಿಕ್ಕಿನ ನೀಲಗಿರಿ ತೋಪು ಹಸಿರಾಗಿ ಬಂದು 'ಕಾಡು' ಎನ್ನಿಸಿಕೊಂಡಿತು. ಚಿತ್ರ ತೆಗೆದ ಮೇಲೆ ಆ ತೋಪಿನ ನಡುವನ್ನು ಕ್ವಾರಿಯವರು ಅಗೆದು, ಕಲ್ಲು ಮುಗಿದಾಗ ಬಿಟ್ಟುಹೋದರು. ಗುಂಡಿಯಲ್ಲಿ ನೀರು ನಿಂತಿತು.

ಇದು ನಿಮಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನಿಮ್ಮ ಕಚೇರಿಯಲ್ಲೇ ನಕ್ಷೆಯ ಕೆಲಸಕ್ಕೆ ಗುತ್ತಿಗೆಯ ಮೇಲಿದ್ದ ಶೃತಿ ಎಂಬ ಹುಡುಗಿ ಖುದ್ದಾಗಿ ಬಂದು ಹಳ್ಳದುದ್ದಕ್ಕೂ ನಡೆದಳು, ಕ್ವಾರಿಯ ಅಂಚಿನಲ್ಲಿ ನಿಂತು ಫೋಟೋ ತೆಗೆದಳು, ಅಕ್ಕನ ಮನೆಯಲ್ಲಿ ಮುದ್ದೆ ಉಂಡು ಹೋದಳು. ಗೆರೆ ತಪ್ಪಾಗಿದೆ, ಹಳ್ಳಕ್ಕೆ ಸರಿಸಬೇಕು ಎಂದು ನಿಮಗೆ ಹೇಳಿದಳು. ಯೋಜನೆಗೆ ಮಂಜೂರಾತಿ ಸಿಕ್ಕಾಗಿದೆ, ಒಂದು ಗೆರೆ ಅಲ್ಲಾಡಿಸಿದರೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಗುತ್ತದೆ, ಮುಂದಿನ ಹಂತದಲ್ಲಿ ನೋಡೋಣ ಎಂದಿರಿ. ಅವಳ ಹೆಸರು ಬರೆಯಲು ಅವಳೇ ಒಪ್ಪಿದ್ದಾಳೆ. ಈಗ ಅವಳು ನಿಮ್ಮಲ್ಲಿ ಕೆಲಸಕ್ಕಿಲ್ಲ.

ಗ್ರಾಮಸಭೆಯಲ್ಲಿ ಭಾವನೂ ಎದ್ದು ನಿಂತಿದ್ದರು. "ಸಾ, ಆನೆ ಹಳ್ಳದಲ್ಲೇ ಓಯ್ತವ. ನೀವು ತೋರುಸ್ತಿರೋ ಕಡ ಗುಂಡಿ ಅದ. ಬೇಲಿ ಹಾಕುದ್ರ ಅವು ಎಲ್ಲಿಗ್ ಓಗ್ಬೇಕು?" ಎಂದು ಕೇಳಿದರು. ನಿಮ್ಮ ಪ್ರತಿನಿಧಿ ಬಹಳ ಸೌಜನ್ಯದಿಂದ, ಸಲಹೆಯನ್ನು ಬರೆದುಕೊಳ್ಳಲಾಗಿದೆ ಎಂದರು. ಸೌಜನ್ಯಕ್ಕೆ ನಿಮ್ಮ ಕಚೇರಿಯಲ್ಲಿ ಎಂದೂ ಬರಗಾಲವಿಲ್ಲ.

ಬೇಲಿ ಎದ್ದಿತು. ಕಾರ್ತಿಕದಲ್ಲಿ ಹಿಂಡು ಬಂತು. ಹಳ್ಳದ ಬಾಯಲ್ಲಿ ಕಂಬಿಗಳ ಮುಂದೆ ನಿಂತು, ಸೊಂಡಿಲಿನಿಂದ ಒಂದೊಂದನ್ನೇ ಮುಟ್ಟಿ ನೋಡಿ, ಕೊನೆಗೆ ಬೇಲಿಯ ಗುಂಟ ಬಡಗಲಿಗೆ ನಡೆದವು. ನೀವು ಅಂದುಕೊಂಡ ಹಾಗೆಯೇ ನಡೆದವು. ಬೆಳಿಗ್ಗೆ ಆಡು ಹೊಡೆದುಕೊಂಡು ಹೋದ ವೀರಮ್ಮ ಎಂಬಾಕೆ ಕ್ವಾರಿಯಿಂದ ಬರುವ ದನಿ ಕೇಳಿ ಓಡಿಬಂದು ಊರಿಗೆ ತಿಳಿಸಿದಳು. ಮರಿಯೊಂದು ಜಾರಿ ನೀರಿಗೆ ಬಿದ್ದಿತ್ತು. ನಾಲ್ಕೂ ಕಡೆ ಕೊಯ್ದ ಕಲ್ಲು. ಕಾಲೂರಲು ಎಲ್ಲೂ ಜಾಗವಿರಲಿಲ್ಲ.

ಜೆಸಿಬಿ ತರಿಸಿ ಒಂದು ಬದಿಯಲ್ಲಿ ಇಳಿಜಾರು ತೋಡುವ ಕೆಲಸ ಶುರುವಾಯಿತು. ಅರಣ್ಯ ಸಿಬ್ಬಂದಿ ಬೆವರು ಸುರಿಸಿ ದುಡಿದರು, ಅವರ ಮೇಲೆ ನನ್ನ ದೂರಿಲ್ಲ. ಅಷ್ಟರಲ್ಲಿ ಸುತ್ತಲ ಊರುಗಳ ಜನ ಮೊಬೈಲ್ ಹಿಡಿದು ಬಂದು ಸೇರಿದರು. ತಾಯಿಯಾನೆ ತೋಪಿನೊಳಗೇ ಇತ್ತು. ಭಾವ ಜನರನ್ನು ಹಿಂದಕ್ಕೆ ಕಳಿಸುತ್ತ, ಬೈಯುತ್ತ, ಕೈಮುಗಿಯುತ್ತ ಓಡಾಡುತ್ತಿದ್ದರಂತೆ. ಜೆಸಿಬಿಯ ಸದ್ದಿನಲ್ಲಿ ಆ ಆನೆ ಬಂದದ್ದು ಯಾರಿಗೂ ಕೇಳಲಿಲ್ಲ. ಜನ ಚೆದುರಿ ಓಡಿದರು. ಭಾವ ಕ್ವಾರಿಯ ಕಡೆಗೆ ಬೆನ್ನು ಮಾಡಿ ನಿಂತಿದ್ದರು. ಅವರಿಗೆ ಓಡಲು ಜಾಗವೇ ಇರಲಿಲ್ಲ. ಸಂಜೆ ಮರಿಯನ್ನು ಮೇಲಕ್ಕೆಳೆದಾಗ ಅದರಲ್ಲೂ ಉಸಿರಿರಲಿಲ್ಲ.

ತಿಥಿ ಮುಗಿದ ಮೇಲೆ ಅಕ್ಕನನ್ನು ಕರೆದುಕೊಂಡು ನಿಮ್ಮ ಕಚೇರಿಗೆ ಬಂದೆ. ಗೋಡೆಯ ಮೇಲೆ ಹೊಸ ನಕ್ಷೆ ಇತ್ತು. ಅದರಲ್ಲಿ ಕ್ವಾರಿಯ ಪಕ್ಕ ಒಂದು ಕೆಂಪು ಚುಕ್ಕೆ. ಸಂಘರ್ಷ ನಡೆದ ಸ್ಥಳ ಎಂದು ನಿಮ್ಮ ಸಹಾಯಕರು ವಿವರಿಸಿದರು. ಅಕ್ಕ ಹತ್ತಿರ ಹೋಗಿ ಅದನ್ನು ಬೆರಳಿನಿಂದ ಮುಟ್ಟಿದಳು. ಆ ಚುಕ್ಕೆಗೆ ಮನೆಯಿತ್ತು, ಮಾತಿತ್ತು, ಗ್ರಾಮಸಭೆಯಲ್ಲಿ ಎದ್ದುನಿಂತು ಎಚ್ಚರಿಸಿತ್ತು ಎಂದು ಅವರಿಗೆ ಯಾರು ಹೇಳಬೇಕು?

ಅದಕ್ಕಿಂತ ಭಯ ಹುಟ್ಟಿಸಿದ್ದು ಆಮೇಲಿನ ಮಾತು. ತೋಪಿನಲ್ಲಿ ಕಟ್ಟಿದ ಕ್ಯಾಮೆರಾಗಳಲ್ಲಿ ಆನೆಗಳು ಸಿಕ್ಕಿವೆಯಂತೆ. ಹಾಗಾಗಿ ಗೆರೆ ಸರಿಯಾಗಿದೆ ಎಂದು ದತ್ತಾಂಶವೇ ಹೇಳುತ್ತದಂತೆ. ಮಾನ್ಯರೇ, ಮನೆಯ ಬಾಗಿಲಿಗೆ ಬೀಗ ಹಾಕಿ, ಒಳಗಿದ್ದವನು ಕಿಟಕಿಯಿಂದ ಹಾರಿದಾಗ, ಕಿಟಕಿಯೇ ಅವನ ಬಾಗಿಲು ಎಂದು ಬರೆದುಕೊಳ್ಳುವುದು ಯಾವ ವಿಜ್ಞಾನ? ನಿಮ್ಮ ತಪ್ಪು ಪ್ರತಿ ಹಿಂಡಿನ ಜೊತೆ ಒಂದಿಷ್ಟು ಹೆಚ್ಚು ನಿಜವಾಗುತ್ತ ಹೋಗುತ್ತಿದೆ. ಇನ್ನು ಕೆಲವು ವರ್ಷ ಕಳೆದರೆ ಹಳ್ಳದಲ್ಲಿ ಆನೆ ನಡೆಯುತ್ತಿತ್ತು ಎನ್ನುವುದಕ್ಕೆ ಯಾವ ಸಾಕ್ಷಿಯೂ ಉಳಿಯುವುದಿಲ್ಲ.

ಅಂದು ಅಕ್ಕ, ಹಳ್ಳದ ಪಕ್ಕದ ಪಟ್ಟಿಯನ್ನು ಆನೆಗಳಿಗೆ ಬಿಟ್ಟುಕೊಡುತ್ತೇನೆ, ಬೇಲಿಯನ್ನು ಅಷ್ಟುದ್ದ ತೆಗೆಯಿರಿ ಎಂದು ಕೇಳಿಕೊಂಡಳು. ಆ ಜಮೀನು ನಕ್ಷೆಯ ಗೆರೆಯಿಂದ ಹೊರಗಿರುವುದರಿಂದ ಸ್ವೀಕರಿಸಲು ಅವಕಾಶವಿಲ್ಲ ಎಂಬ ಉತ್ತರ ಬಂತು. ಗಂಡನನ್ನು ಕಳೆದುಕೊಂಡವಳು ಕೊಟ್ಟರೂ ಬೇಡವೆನ್ನುವಷ್ಟು ನೆಲ ನಿಮ್ಮ ಯೋಜನೆಯ ಬಳಿ ಇದೆಯೇ?

ಆ ತಾಯಿಯಾನೆ ಈಗಲೂ ಬರುತ್ತದೆ. ಹೊತ್ತು ಮುಳುಗುವಾಗ ಬೇಲಿಯ ಆಚೆ, ಅಕ್ಕನ ಮನೆಯ ಎದುರಿಗೇ ನಿಲ್ಲುತ್ತದೆ. ಸದ್ದು ಮಾಡುವುದಿಲ್ಲ, ಕಂಬಿ ನೂಕುವುದಿಲ್ಲ. ಊರಿನವರು ಬಾಗಿಲು ಹಾಕಿಕೊಳ್ಳುತ್ತಾರೆ. ಅಕ್ಕ ಜಗುಲಿಯಲ್ಲೇ ಕೂತಿರುತ್ತಾಳೆ. ಒಂದು ಸಂಜೆ ನಾನೂ ಜೊತೆಗಿದ್ದೆ. ಅದು ನಿನ್ನನ್ನೇ ನೋಡಲು ಬರುತ್ತದೇನೋ, ಅದಕ್ಕೂ ನಿನಗಾದಂತೆಯೇ ಆಗಿದೆಯಲ್ಲ ಎಂದೆ. ಅಕ್ಕ ನನ್ನ ಕಡೆ ತಿರುಗಲಿಲ್ಲ.

"ನನ್ನ ನೋಡಕ್ಕಲ್ಲ ಕಣವ್ವ ಅದು ಬರದು," ಎಂದಳು. "ದಾರಿ ನೋಡಕ್ ಬತ್ತದ."

ಆದ್ದರಿಂದ ನಾನು ಪರಿಹಾರ ಕೇಳುತ್ತಿಲ್ಲ, ಸಂತಾಪವನ್ನೂ ಕೇಳುತ್ತಿಲ್ಲ. ಹಳ್ಳದ ಬಾಯಲ್ಲಿರುವ ಕಂಬಿಗಳನ್ನು ಕೀಳಿಸಿ. ಕ್ವಾರಿಯ ಸುತ್ತ ತಡೆ ಹಾಕಿಸಿ. ನಿಮ್ಮ ಹಸಿರು ಗೆರೆ ಹಾದುಹೋಗುವ ಪ್ರತಿ ಊರಿನ ಪಂಚಾಯಿತಿಯಲ್ಲೂ ನಕ್ಷೆಯನ್ನು ಕನ್ನಡದಲ್ಲಿ ತೂಗುಹಾಕಿ, ಕಾಲ್ನಡಿಗೆಯಲ್ಲಿ ಪರಿಶೀಲಿಸದೆ ಇನ್ನೊಂದು ಕಂಬ ನೆಡಬೇಡಿ. ಮುಂದಿನ ಹಂತ ಎಂದು ಮಾತ್ರ ಹೇಳಬೇಡಿ. ಇವತ್ತು ಬೇಲಿಯ ಹತ್ತಿರ ಬಂದದ್ದು ಅದೊಂದೇ ಆನೆಯಲ್ಲ, ಹಿಂದೆ ಹಿಂಡಿತ್ತು. ಹಿಂಡಿನ ನಡುವೆ, ದೊಡ್ಡವುಗಳ ಕಾಲಸಂದಿಯಲ್ಲಿ, ಇನ್ನೂ ಸರಿಯಾಗಿ ನಡೆಯಲು ಬಾರದ ಒಂದು ಮರಿಯಿದೆ. ನಾನು ಅಕ್ಕನ ಜಗುಲಿಯಲ್ಲಿ ಕೂತು ಇದನ್ನು ಬರೆಯುತ್ತಿರುವಾಗ ಅವು ಬೇಲಿಯ ಗುಂಟ ಬಡಗಲಿಗೆ ಹೊರಟಿವೆ.

ಇಂತಿ,
ನಿಮ್ಮ ದತ್ತಾಂಶದಲ್ಲಿ ಎಲ್ಲೂ ದಾಖಲಾಗದ,
ಕೋಮಲ
ಹನೂರು