ಕಳ್ಳ ನಿಂತಿದ್ದಾನೆ

11-1-2004, ಭಾನುವಾರ, ಸಂಜೆ

ಮೈಕ್ ಸೆಟ್ಟು ತಂದು ಒಳಗಿಟ್ಟಾಯಿತು. ಒಂದು ಹಾರ್ನು ಇನ್ನೂ ಗೊರಗೊರ ಅನ್ನುತ್ತಿದೆ. ಶೀತ ಇರಬೇಕು ಅದಕ್ಕೂ.

ಫುಟ್‌ಬಾಲ್ ಸೆಮಿಫೈನಲ್ ಇತ್ತು. ನಮ್ಮ ಕೊಪ್ಪಕ್ಕೂ ಎನ್.ಆರ್.ಪುರಕ್ಕೂ. ನಾವು ಗೆದ್ದೆವು. ಆದರೆ ತಲೆಯಲ್ಲಿ ಕೂತಿರುವುದು ಅದಲ್ಲ.

ನಮ್ಮ ಮೈದಾನದಲ್ಲಿ ಆಫ್‌ಸೈಡ್ ಅಂತ ಯಾರೂ ಅನ್ನುವುದಿಲ್ಲ. ಮೊದಲೇ ಹೋಗಿ ಗೋಲಿನ ಹತ್ತಿರ ಚೆಂಡಿಗೆ ಹೊಂಚು ಹಾಕಿದರೆ ‘ಕಳ್ಳ ನಿಲ್ಲೋದು’. ಎನ್.ಆರ್.ಪುರದವನೊಬ್ಬ ಹಾಗೆ ನಿಂತು ಗೋಲು ಹೊಡೆದ. ರೆಫರಿ ಕಲ್ಲೇಶಪ್ಪ ಸರ್ ವಿಷಲ್ ಊದಿದರು. ಗೋಲಿಲ್ಲ. ನಾನು ಮೈಕಿನಲ್ಲಿ ರಾಗ ಎಳೆದೆ — “ಕಳ್ಳಾ... ಕಳ್ಳ ನಿಂತಿದ್ದಾನೇ... ಗೋಲಿಲ್ಲಾ!” ಅಷ್ಟರಲ್ಲಿ ಆಚೆ ಬದಿಯ ಹಾರ್ನು ಕೈಕೊಟ್ಟಿತು. ಅಲ್ಲಿ ಕೂತ ಎನ್.ಆರ್.ಪುರದವರಿಗೆ ಕೇಳಿದ್ದು ಮೊದಲ ಮಾತು ಮಾತ್ರ. ಕಣ್ಣೆದುರಿಗೆ ಕೈ ಎತ್ತಿ ನಿಂತ ರೆಫರಿ. ಕಿವಿಯಲ್ಲಿ “ಕಳ್ಳಾ”.

ಶುರುವಾಯಿತು. “ಕಳ್ಳ ರೆಫರಿ! ಕಳ್ಳ ರೆಫರಿ!” ಕಿತ್ತಳೆ ಸಿಪ್ಪೆ ಬಂತು. ಆಮೇಲೆ ಒಂದು ಚಪ್ಪಲಿ. ಸರ್ ಅದನ್ನು ಎತ್ತಿ ಗೆರೆಯಾಚೆ ನೆಟ್ಟಗೆ ಇಟ್ಟು ಮತ್ತೆ ಆಡಿಸಿದರು. ಆಟ ಮುಗಿದ ಮೇಲೆ ವಿಷಲ್ ತೆಗೆದು ಕಮಿಟಿ ಗಣಪಯ್ಯನ ಕೈಗೆ ಕೊಟ್ಟರು. “ಸಾಕು” ಅಂದರು. ಬಸ್ಸು ಹತ್ತಿದರು.

ಆಶ್ಚರ್ಯ ಏನೆಂದರೆ, ಕಳ್ಳ ನಿಂತ ಹುಡುಗನಿಗೆ ಯಾರೂ ಏನೂ ಅನ್ನಲಿಲ್ಲ. ಮಾತು ಅವನ ಮೇಲಿಂದ ಹಾರಿ ಇವರ ಮೇಲೆ ಹೇಗೆ ಕೂತಿತು?

13-1-2004

ಗಣಪಯ್ಯ ನನ್ನ ಮೈಕ್ ಅಂಗಡಿಗೆ ಬಂದ. ಮುಖ ಹಿಂಡಿದ ನಿಂಬೆಹಣ್ಣು.

“ಪರಮೇಶಣ್ಣ, ಸರ್ ಬರಲ್ಲವಂತೆ. ಕೊಪ್ಪದವ್ರು ವಿಷಲ್ ಹಿಡಿದ್ರೆ ತಾವು ಆಡಲ್ಲ ಅಂತಾರೆ ಫೈನಲ್‌ಗೆ ಬಂದಿರೋ ಶೃಂಗೇರಿಯವ್ರು. ಹೋದ ವರ್ಷನೂ ಫೈನಲ್ ಆಗ್ಲಿಲ್ಲ. ಈ ಸಲನೂ ಆಗದಿದ್ರೆ ಟೂರ್ನಮೆಂಟೇ ನಿಲ್ಸೋದು ಅಂತಿದೆ ಕಮಿಟಿ.”

“ಕಪ್ಪು ಎಂತ ಮಾಡ್ತೀರಿ?”

“ನಿನ್ನ ತಲೆ ಮೇಲೆ ಇಡ್ತೀವಿ. ಮೈಕಲ್ಲಿ ಕಳ್ಳ ಅಂತ ಕೂಗಿದ್ದು ಯಾರು ಮಾರಾಯ?”

ತಮಾಷೆಗೆ ಅಂದದ್ದಲ್ಲ. ನಗು ಬರಲಿಲ್ಲ ಇಬ್ಬರಿಗೂ.

ಈ ವಿಷಲ್‌ನಲ್ಲಿ ಅಂಥದ್ದೇನಿದೆ, ನೋಡಿಯೇ ಬಿಡೋಣ ಅನ್ನಿಸಿತು. ಸಂಜೆ ನಮ್ಮವರದ್ದೇ ಪ್ರಾಕ್ಟೀಸ್ ಮ್ಯಾಚಿಗೆ ನಾನೇ ಊದಿದೆ. ಅಬ್ಬಬ್ಬಾ! ಗೆಳೆಯ ಬೂತಪ್ಪ ಬೆಳಿಗ್ಗೆ ನನ್ನ ಬೀಡಿ ಸೇದಿ, ನನ್ನ ಜೋಕಿಗೆ ಹೊಟ್ಟೆ ಹಿಡಿದುಕೊಂಡು ನಕ್ಕವನು. ಸಂಜೆ ಒಂದು ಫೌಲ್ ಕೊಟ್ಟದ್ದಕ್ಕೆ ನನ್ನ ಅಮ್ಮನವರೆಗೂ ಹೋದ. ಅಮ್ಮ ತೀರಿಕೊಂಡಾಗ ಹೆಗಲು ಕೊಟ್ಟವನು ಅವನೇ! ಆಟ ಮುಗಿದ ಮೇಲೆ “ಬಾ, ಟೀ ಕುಡಿಯಣ” ಅಂದ. ಏನೂ ಆಗಿಯೇ ಇಲ್ಲ ಅನ್ನುವ ಹಾಗೆ.

ಇನ್ನೊಂದು ಗೊತ್ತಾಯಿತು. ಕಳ್ಳ ನಿಂತದ್ದು ನಡುವೆ ಓಡುವವನಿಗೆ ಕಾಣುವುದೇ ಇಲ್ಲ. ಅದಕ್ಕೇ ಗೆರೆ ಮೇಲೆ ಬಾವುಟ ಹಿಡಿದು ಲೈನ್‌ಮನ್ ನಿಲ್ಲುವುದು. ನಮ್ಮಲ್ಲಿ ಲೈನ್‌ಮನ್ ಯಾರು? ಟೀಮಿಗೊಬ್ಬ. ಒಬ್ಬ ತನ್ನವರಿಗೆ ಬೇಕಾದಾಗ ಎತ್ತುತ್ತಾನೆ. ಇನ್ನೊಬ್ಬ ಬಸ್ ಸ್ಟ್ಯಾಂಡ್ ಕಡೆ ನೋಡುತ್ತಿರುತ್ತಾನೆ. ಅಂದರೆ ಸರ್ ಇಷ್ಟು ದಿನ ಒಬ್ಬರೇ...

16-1-2004

ಹರಿಹರಪುರಕ್ಕೆ ಹೋಗಿದ್ದೆ, ಸರ್ ಮನೆಗೆ. ದಾವಣಗೆರೆ ಕಡೆಯವರು. ಪಿಟಿ ಮೇಷ್ಟ್ರಾಗಿ ಬಂದು, ರಿಟೈರ್ ಆಗಿ ಇಲ್ಲೇ ಉಳಿದವರು. ಜಗಲಿಯಲ್ಲಿ ಶೂ ಒರೆಸುತ್ತಿದ್ದರು. ಒಳ್ಳೆ ಲಕ್ಷಣ ಅಂದುಕೊಂಡೆ. ಯಾರಿಗೋ ಕೊಟ್ಟುಬಿಡಲಿಕ್ಕಂತೆ.

“ಬಾರಪ್ಪ ಮೈಕು. ಊರೆಲ್ಲಾ ಸಾರಿದ್ದು ಸಾಲ್ದು ಅಂತ ಮನೀಗೂ ಬಂದ್ಯಾ?”

“ಸರ್, ಚಪ್ಪಲಿ ಹೊಡೆದವ್ರು ನಮ್ಮೂರವ್ರಲ್ಲ...”

“ಚಪ್ಪಲಿ ಬಿಡು. ಸರ್ವೀಸ್ ಪೂರ್ತಿ ಮಕ್ಕಳಿಗೆ ಚೆಂಡು ಕೊಟ್ಟು ವಾಪಸ್ ತಗಂಡು ಬೀರುವಿಗೆ ಬೀಗ ಹಾಕ್ದೋನು ನಾನು. ಒಂದು ಚೆಂಡು ಹೋಗಿಲ್ಲ. ನೀನು ಮೈಕ್ ಹಿಡ್ದು ಕಳ್ಳ ಅಂದ್ಯಲ್ಲ, ನಾನು ಯಾರದ್ದೇನು ಕದ್ದಿದ್ದೆ?”

ಈಗ ಹೊಳೆಯಿತು. ಹಾರ್ನು ಕೆಟ್ಟದ್ದು ಆಚೆ ಬದಿ. ಸರ್ ನಿಂತದ್ದೂ ಆ ಬದಿಯೇ! ನಾನು ಅವರನ್ನೇ ಅಂದೆ ಅಂತ ಅವರೂ ತಿಳಿದಿದ್ದಾರೆ. ಎದ್ದು ನಿಂತು, ಅವರ ಶೂ ಒಂದನ್ನು ಗೋಲ್‌ಕೀಪರ್ ಮಾಡಿ, ಇನ್ನೊಂದನ್ನು ಕಳ್ಳ ನಿಲ್ಲಿಸಿ, ಜಗಲಿಯ ಮೇಲೇ ತೋರಿಸಿದೆ. “ಇದು ಸರ್, ಇದು ಕಳ್ಳ ನಿಲ್ಲೋದು. ನೀವು ಹಿಡಿದ್ರಿ. ನೀವು ಪೊಲೀಸು!”

ಕಳ್ಳ ನಿಂತ ಶೂವನ್ನು ಕೈಗೆತ್ತಿಕೊಂಡರು. “ಇಷ್ಟು ವರ್ಷದಾಗೆ ಈ ಮಾತು ನನ್ನ ಕಿವಿಗೆ ಬಿದ್ದಿಲ್ಲ ನೋಡು. ಎಲ್ರೂ ನನ್ನ ಮುಂದೆ ಆಫ್‌ಸೈಡ್ ಸರ್ ಅಂತಾರೆ.”

“ಮೇಷ್ಟ್ರ ಮುಂದೆ ಕಳ್ಳ ಅನ್ನಕ್ಕೆ ಹೆದರ್ತಾರೆ ಸರ್.”

ಒಂದು ಷರತ್ತು ಹಾಕಿದರು. ತನ್ನೂರಿನ ವಿರುದ್ಧವೂ ಬಾವುಟ ಎತ್ತುವ ಒಬ್ಬನೇ ಒಬ್ಬ ಲೈನ್‌ಮನ್ ಬೇಕು. ಇದ್ದರೆ ಬರುತ್ತೇನೆ.

“ನಾನಿದ್ದೀನಿ” ಅಂದುಬಿಟ್ಟೆ. ಬಾಯಿ. ಯಾವತ್ತೂ ನನಗಿಂತ ಮುಂದೆ ಕಳ್ಳ ನಿಂತಿರುತ್ತದೆ.

21-1-2004

ದಿನಾ ಸಂಜೆ ಸರ್ ಹತ್ತಿರ ಪಾಠ. ಐದನೇ ಕ್ಲಾಸಿಗೆ ಬಿಟ್ಟ ಸ್ಕೂಲು ಈಗ ಸಿಕ್ಕಿದೆ.

ಕಷ್ಟ ಎಲ್ಲಿದೆ ಅಂತ ತಿಳಿಯಿತು. ಚೆಂಡು ಒದ್ದ ಕ್ಷಣಕ್ಕೆ ಅವನು ಎಲ್ಲಿದ್ದ ಅನ್ನುವುದೇ ಲೆಕ್ಕ, ಚೆಂಡು ಬಂದಾಗ ಅಲ್ಲ. ಒದೆಯುವವನು ಅಲ್ಲಿ, ನಿಂತವನು ಇಲ್ಲಿ. ಎರಡೂ ಒಟ್ಟಿಗೆ ಕಾಣಬೇಕಾದರೆ ಗೋಸುಂಬೆ ಕಣ್ಣು ಬೇಕು. ಸರ್ ಅಂದರು, “ಒದೆಯೋದನ್ನ ಕಿವೀಲಿ ನೋಡು. ಕಣ್ಣು ಗೆರೆ ಮೇಲಿರ್ಲಿ.” ಕಿವಿ ನನ್ನ ಕಸುಬು. ದಬ್ ಅನ್ನುತ್ತದೆ, ನೋಡುತ್ತೇನೆ. ಎಂಥ ಮಜಾ!

ಬಾವುಟಕ್ಕೆ ನನ್ನ ಹೆಂಡತಿ ಶಾಂತಾಳ ಕೆಂಪು ಬ್ಲೌಸ್ ಪೀಸು. ಗೌರಿ ಹಬ್ಬದ ಬಾಗಿನದಲ್ಲಿ ಬಂದದ್ದು. “ಯಶವಂತನ ಆಟಕ್ಕಲ್ವಾ, ತಗಳಿ” ಅಂತ ಕೊಟ್ಟಳು. ಯಶವಂತ ಅವಳ ಅಣ್ಣನ ಮಗ. ನಮ್ಮ ಕೊಪ್ಪ ಟೀಮಿಗೆ ಗೋಲು ಹೊಡೆಯುವವನು.

25-1-2004, ಭಾನುವಾರ

ಆಟಕ್ಕೆ ಮುಂಚೆ ಮೈಕಿನಲ್ಲಿ ಹೇಳಿದೆ: “ಆವತ್ತು ಕಳ್ಳ ನಿಂತವನು ಆಟಗಾರ. ಹಿಡಿದವರು ಕಲ್ಲೇಶಪ್ಪ ಸರ್. ಕೂಗಿದವನು ನಾನು. ಕೆಟ್ಟದ್ದು ಹಾರ್ನು. ಬೈಯೋದಿದ್ರೆ ಹಾರ್ನಿಗೆ ಬೈಯಿರಿ.” ನಕ್ಕರು. ಮೈಕು ಆಫ್ ಮಾಡಿ ಬಾವುಟ ಹಿಡಿದೆ.

ಶೃಂಗೇರಿ ಒಂದು ಗೋಲು ಮುಂದೆ. ಆಟ ಮುಗಿಯುತ್ತಾ ಬಂದಿತ್ತು. ದಬ್ ಕೇಳಿತು. ನೋಡಿದೆ. ಯಶವಂತ ಶೃಂಗೇರಿಯ ಕೊನೆಯ ಡಿಫೆಂಡರ್‌ಗಿಂತ ಒಂದು ಹೆಜ್ಜೆ ಮುಂದಿದ್ದ. ಚೆಂಡು ಬಂತು, ಹೊಡೆದ, ಬಲೆ ಅಲ್ಲಾಡಿತು. ಇಡೀ ಕೊಪ್ಪ ಎದ್ದು ಕುಣಿಯಿತು. ನನ್ನ ಕೈ ಮೇಲಿತ್ತು.

ಸರ್ ಓಡಿ ಬಂದರು. “ಖಾತ್ರಿ ಏನಪ್ಪಾ?”

“ಕಿವಿನೂ ಖಾತ್ರಿ, ಕಣ್ಣೂ ಖಾತ್ರಿ ಸರ್.”

ಊದಿದರು. ಗೋಲಿಲ್ಲ. ನಾವು ಸೋತೆವು.

“ಕಳ್ಳಾ! ಪರಮೇಶಿ ಕಳ್ಳ!” ಬೂತಪ್ಪನ ಗಂಟಲು ಎಲ್ಲರಿಗಿಂತ ಮೇಲೆ. ಮೈಕ್ ಹಿಡಿದಾಗ ಜನ ಯಾವಾಗಲೂ ಎದುರಿಗೆ. ಗೆರೆ ಮೇಲೆ ನಿಂತರೆ ಬೆನ್ನಿಗೆ. ಬೆನ್ನಿಗೆ ಕೇಳುವುದೇ ಬೇರೆ ತರ. ತಿರುಗಿ ಒಂದು ಜೋಕು ಹೊಡೆಯಬೇಕು ಅನ್ನಿಸಿತು. ಒಂದೂ ಬರಲಿಲ್ಲ.

ಕಪ್ಪು ಕೊಟ್ಟರು, ಫೋಟೋ ತೆಗೆದರು. ಫೈನಲ್ ಅಂತೂ ಆಯಿತು. ಸರ್ ವಿಷಲ್ ವಾಪಸ್ ಕೊಡದೆ ಜೇಬಿಗೆ ಹಾಕಿಕೊಂಡದ್ದನ್ನು ಓರೆಗಣ್ಣಲ್ಲಿ ನೋಡಿದೆ.

29-1-2004

ನಾಲ್ಕು ದಿನದಿಂದ ಮನೆಯಲ್ಲಿ ಮಾತಿಲ್ಲ. ಸಾರು ಮಾತ್ರ ಠಕ್ ಅಂತ ಬರುತ್ತದೆ. ಬೂತಪ್ಪನಿಗೆ ಬೀಡಿ ಚಾಚಿದೆ. ಬೇಡ ಅಂದ. ಬೀಡಿ ಬೇಡ ಅಂದ ಬೂತಪ್ಪನನ್ನು ಇದೇ ಮೊದಲು ನೋಡಿದ್ದು.

ಮಧ್ಯಾಹ್ನ ಯಶವಂತ ಬಂದ. “ಮಾವ, ನಿಜ ಹೇಳಿ. ಕಳ್ಳ ನಿಂತಿದ್ನಾ ನಾನು?”

“ಒಂದು ಹೆಜ್ಜೆ.”

“ಮತ್ತೆ ಹಂಗೇ ಆದ್ರೆ?”

“ಮತ್ತೂ ಎತ್ತೋದೇ.”

ತಲೆ ಕೆರೆದುಕೊಂಡ. “ಹಂಗಾದ್ರೆ ನಾನೇ ಒಂದು ಹೆಜ್ಜೆ ಹಿಂದೆ ನಿಲ್ತೀನಿ ಬಿಡಿ.”

1-2-2004, ಭಾನುವಾರ, ಬೆಳಿಗ್ಗೆ

ಸರ್ ಹೇಳಿ ಕಳಿಸಿದ್ದಾರೆ. ಇವತ್ತು ಶೃಂಗೇರಿಯಲ್ಲಿ ಕಿಗ್ಗದವರ ಮ್ಯಾಚು, ಅವರೇ ರೆಫರಿ, ನಾನು ಲೈನಿಗೆ. ಗಡಿಬಿಡಿಯಲ್ಲಿ ಹುಡುಕಿದರೆ ಬಾವುಟವೇ ಇಲ್ಲ! ಟೈಲರ್‌ಗೆ ಹೋಯಿತು ಅಂದುಕೊಂಡೆ. ಅವಳಿಗೆ ಬ್ಲೌಸ್, ನನಗೆ ಬುದ್ಧಿ.

ಶಾಂತಾ ಒಳಗಿಂದ ತಂದು ಕೈಗಿಟ್ಟಳು. ಸುತ್ತಲೂ ಅಂಚು ಮಡಚಿ ಹೊಲಿದಿದ್ದಾಳೆ.

“ಸಿಟ್ಟಿಲ್ವನೇ?”

“ಅಷ್ಟು ಜನರೆದುರು ಎತ್ತಿದ್ರಿ, ನಾಲ್ಕೂ ಕಡೆ ದಾರ ಜೋತಾಡ್ತಿತ್ತು. ಮಾನ ಹೋಯ್ತು ನಂದು. ಇನ್ನು ಎತ್ತಿದ್ರೆ ನೆಟ್ಟಗೆ ಎತ್ತಿ.”

ಅಂದರೆ ಅವಳೂ ಬಂದಿದ್ದಳಾ ಮೈದಾನಕ್ಕೆ! ಎಲ್ಲಿ ಕೂತಿದ್ದಳು? ಆವತ್ತು ಬೆನ್ನಿಗೆ ಕೇಳಿದ್ದರಲ್ಲಿ ಹೆಂಗಸರ ದನಿಯೂ ಒಂದು... ಕೇಳಬೇಕು. ಬಸ್ಸು ಹಾರ್ನ್ ಹೊಡೆಯುತ್ತಿದೆ, ಬಾಗಿಲಲ್ಲಿ ಬೂತಪ್ಪ, ನಾನೂ ಬರ್ತೀನಿ ಅಂತಿದ್ದಾನೆ, ಬೀಡಿಗೆ ಕೈ ಚಾಚಿ —