ಏಳು ಗಂಟೆಯ ರೇಡಿಯೋ

ಫೆಬ್ರುವರಿ ೧೮, ಮಂಗಳವಾರ. ಚೆಂಬೂರು.

ಆ ಕೆಮ್ಮು ತಲಿಯಿಂದ ಹೋಗವಲ್ದು.

ದೋಣಿ ಇವತ್ತ ಮುಂಬೈ ಮುಟ್ಟಿತು. ಹೊನ್ನಾವರದಿಂದ ಎಂಟು ದಿನ, ನಾನೊಬ್ಬನ. ಮನಿಯೊಳಗ ಕುಂತರೂ ನೆಲ ತೂಗತೈತಿ. ವಂದನಾ ಕಡಲ ದಂಡಿಗೆ ಆರತಿ ತಂದಿದ್ಲು. ಹೆಂಡತಿ ನಗೂದು ನೋಡಿ ನಾನೂ ನಕ್ಕೆ. ಸ್ವಂತ ದೋಣಿ ಅನ್ನೂದು ಇಪ್ಪತ್ತು ವರ್ಷದ ಆಸೆ, ಆದರ ಖುಷಿನ ಆಗಲಿಲ್ಲ.

ದೋಣಿ ಮಾರಿದಾಕಿ ಮಾಸ್ತಮ್ಮ. ಗಂಡ ಹೋದ ವರ್ಷ ತೀರಿಕೊಂಡಾನ. ಕಾಗದಕ್ಕ ಸಹಿ ಹಾಕುವಾಗ ಆಕಿ ದೋಣಿ ಕಡೆ ನೋಡಲೂ ಇಲ್ಲ. ಅವತ್ತ ದೋಣಿ ಬಿಟ್ಟೆ. ಸಂಜಿ ಏಳಕ್ಕ, ಊರ ದೀಪ ಇನ್ನೂ ಕಾಣತಿದ್ವು, ದೋಣಿ ವೈರ್‌ಲೆಸ್ ರೇಡಿಯೋದಾಗ, ಮನಿ ಸೆಟ್ಟಿನಿಂದ ಆಕಿ ದನಿ ಬಂತು: "ಎಲ್ಲಿದ್ರಿ? ಅನ್ನ ಆಯ್ತು."

ಗಂಡನ್ನ ದಿನಾ ಹಿಂಗ ಕರೀತಿದ್ದಳೇನೋ. "ಅಮ್ಮಾ, ನಾನು ಗುರುಬಸವ" ಅನ್ನಾಕ ಮೈಕ್ ಒತ್ತಿದೆ. ಬರೇ ಕೆಮ್ಮು ಬಂತು.

"ಕೆಮ್ಮು ಇನ್ನೂ ಹೋಗ್ಲಿಲ್ವಾ?" ಅಂದ್ಲು. "ತಲೆಗೆ ಬಟ್ಟೆ ಕಟ್ಕೊಳ್ಳಿ, ಗಾಳಿ ಇದೆ."

ಮೈಕ್ ಕೆಳಗಿಟ್ಟೆ. ತಲೀಗೆ ಟವೆಲ್ ಕಟ್ಟಿಕೊಂಡೆ.

ಮರುದಿನದೊಳಗ ಆಕಿ ದನಿ ಮುಟ್ಟಲಾರದಷ್ಟು ದೂರ ಬಂದುಬಿಟ್ಟೆ. ಕಾಗದದಾಗ ಆಕಿ ಫೋನ್ ನಂಬರ್ ಐತಿ. ಕೆಮ್ಮಿದ್ದು ನಾನು ಅಂತ ಹೇಳಬೇಕು. ದಿನಾ ನಂಬರ್ ತಗೀತೀನಿ, ಮತ್ತ ಫೋನ್ ಕೆಳಗಿಡತೀನಿ. ಆ ರಾತ್ರಿ ಎಷ್ಟೊತ್ತು ಅನ್ನ ಇಟಗೊಂಡು ಕಾದ್ಲೋ.

ಇವತ್ತ ಹಗ್ಗ ಕಟ್ಟಿ ಬರತೀನಿ ಅಂತ ವಂದನಾನ ಮುಂದ ಕಳಿಸಿ, ಏಳರ ತನಕ ದೋಣಿಯೊಳಗ ಕುಂತೆ. ರೇಡಿಯೋದಾಗ ಬರೇ ಗಾಳಿ ಸಪ್ಪಳ. ಇಲ್ಲಿಂದ ಅಲ್ಲಿಗೆ ಕೇಳೂದಿಲ್ಲ, ಗೊತ್ತೈತಿ. ಆದರೂ ಮೈಕ್ ಒತ್ತಿ ಕೆಮ್ಮಿದೆ.