ಆಯಿ ಅಂದ್ರ ಯಾರು

ಪುಣೆ, ಶನಿವಾರ ಪೇಟೆ
೪ ಆಗಸ್ಟ್ ೧೯೪೬

ಅವ್ವಗ ಪಾರವ್ವನ ಶರಣಾರ್ಥಿ.

ನಮ್ಮ ಮನಿಯವರು ಕರ್ನಾಟಕ ಒಂದಾಗಬೇಕಂತ ಇಲ್ಲಿಯ ಕನ್ನಡ ಮಂದಿಯ ಸಹಿ ಕೂಡಿಸ್ಲಿಕ್ಕೆ ಹತ್ತ್ಯಾರ. ಮನ್ಯಾಗ ನೋಡಿದ್ರ, ಮಗಳು ನೀಲಾ ದಿನಾ ಬಾಜೂಮನಿ ರಾಧಾಬಾಯಿ ತೊಡಿ ಮ್ಯಾಲೆ ಕೂತು ಮರಾಠಿ ಮಾತಾಡ್ತಾಳ. ನಾ ಕರೆದ್ರ ತಿರುಗಿ ಸುದ್ದಾ ನೋಡೂದಿಲ್ಲ.

ನಿನ್ನೆ ಪಾವಟಿಗಿ ಇಳಿಯೂ ಮುಂದ ಕಾಲು ಜಾರಿ ಬಿದ್ದಳು. ನಾನೇ ಎತ್ತಿಕೊಂಡ್ರೂ "ಆಯೀ" ಅಂತ ಅತ್ತಳು, "ಅವ್ವಾ" ಅನ್ನಲಿಲ್ಲ. ಮರಾಠಿಯೊಳಗ ಆಯಿ ಅಂದ್ರ ತಾಯಿ. ರಾಧಾಬಾಯಿ ಮುಖ ಅರಳಿತು, ನನ್ನ ಹೊಟ್ಟಿ ಉರೀತು. "ನಮ್ಮ ಕಡೆ ಆಯಿ ಅಂದ್ರ ಅಜ್ಜಿರೀ. ಧಾರವಾಡದ ಅಜ್ಜೀನ್ನ ಕರೀಲಿಕ್ಕೆ ಹತ್ತ್ಯಾಳ" ಅಂದುಬಿಟ್ಟೆ.

ಖರೇ ಅಂದ್ರ ನೀಲಾಗ ನಿನ್ನ ಮುಖಾನ ನೆನಪಿಲ್ಲ. ಲಗೂನ ಬಾರವ್ವ, ನನ್ನ ಸುಳ್ಳು ಖರೇ ಮಾಡು.

ಇಂತಿ,
ನೀಲಾನ ಅವ್ವ
ಪಾರವ್ವ